ಜಾರ್ಜ್ ಸೈಮನ್ ಓಮ್: ತನ್ನ ತಪ್ಪನ್ನು ತಾನೇ ತಿದ್ದಿಕೊಂಡ ಶಾಲಾ ಶಿಕ್ಷಕ

ಹತ್ತನೆಯ ತರಗತಿಗೆ ಪಾಠಾಭ್ಯಾಸಕ್ಕೆ ಹೋಗುವ ಭೌತವಿಜ್ಞಾನದ ಪ್ರಶಿಕ್ಷಣಾರ್ಥಿಗಳಿಗೆ ಓಮ್‌ನ ನಿಯಮ ಚಿರಪರಿಚಿತ. ಕಪ್ಪುಹಲಗೆಯ ಮೇಲೆ ಸೂತ್ರ ಬರೆಯುತ್ತೇವೆ, ಎರಡು ಲೆಕ್ಕ ಬಿಡಿಸುತ್ತೇವೆ, ಮನೆಗೆಲಸ ಕೊಟ್ಟು ಪಾಠ ಮುಗಿಸುತ್ತೇವೆ. ಆ ನಿಯಮವನ್ನು ಕಂಡುಹಿಡಿದವರು ಸ್ವತಃ ಶಾಲಾ ಶಿಕ್ಷಕರಾಗಿದ್ದರು, ಅವರ ಮೊದಲ ಸೂತ್ರ ತಪ್ಪಾಗಿತ್ತು, ಅದನ್ನು ಅವರೇ ತಿದ್ದಿಕೊಂಡರು ಎಂಬ ಸಂಗತಿ ಮಾತ್ರ ನಮ್ಮ ಪಾಠ ಯೋಜನೆಯಲ್ಲಿ ಬರುವುದು ಅಪರೂಪ.

ಬಾಲ್ಯ ಮತ್ತು ಶಿಕ್ಷಣ

ಓಮ್ 1789ರ ಮಾರ್ಚ್ 16ರಂದು ಜರ್ಮನಿಯ ಎರ್ಲಾಂಗೆನ್ ಪಟ್ಟಣದಲ್ಲಿ ಜನಿಸಿದರು. ತಂದೆ ಬೀಗ ತಯಾರಿಸುವ ಕಸುಬುದಾರರು. ಶಾಲಾ ಶಿಕ್ಷಣ ಹೆಚ್ಚಿಲ್ಲದಿದ್ದರೂ ಸ್ವಂತ ಓದಿನಿಂದ ಗಣಿತ, ವಿಜ್ಞಾನ ಕಲಿತು ಮಕ್ಕಳಿಗೆ ಮನೆಯಲ್ಲೇ ಹೇಳಿಕೊಟ್ಟರು. ಓಮ್ ಹತ್ತು ವರ್ಷದವರಿದ್ದಾಗ ತಾಯಿ ತೀರಿಕೊಂಡರು. ತಮ್ಮ ಮಾರ್ಟಿನ್ ಮುಂದೆ ಹೆಸರಾಂತ ಗಣಿತಜ್ಞರಾದರು.

1805ರಲ್ಲಿ ವಿಶ್ವವಿದ್ಯಾಲಯಕ್ಕೆ ಸೇರಿದ ಓಮ್ ನೃತ್ಯ, ಬಿಲಿಯರ್ಡ್ಸ್, ಹಿಮದ ಮೇಲಿನ ಜಾರಾಟಗಳಲ್ಲಿ ಹೊತ್ತು ಕಳೆದರು. ಸಿಕ್ಕ ಅವಕಾಶವನ್ನು ಮಗ ಹಾಳುಮಾಡುತ್ತಿದ್ದಾನೆಂದು ತಂದೆಗೆ ಸಿಟ್ಟು ಬಂತು. ಓದು ನಡುವೆಯೇ ನಿಂತಿತು. 1806ರಲ್ಲಿ ಸ್ವಿಟ್ಜರ್‌ಲೆಂಡಿನ ಶಾಲೆಯೊಂದರಲ್ಲಿ ಅವರು ಗಣಿತ ಶಿಕ್ಷಕರಾದರು. ಅಲ್ಲಿ ಪಾಠ ಹೇಳುತ್ತಲೇ ತಾವೂ ಓದಿ, ಊರಿಗೆ ಮರಳಿ 1811ರಲ್ಲಿ ಡಾಕ್ಟರೇಟ್ ಪಡೆದರು.

ಕಲೋನ್ ಶಾಲೆಯ ಪ್ರಯೋಗಾಲಯ

1817ರಲ್ಲಿ ಕಲೋನ್ ನಗರದ ಪ್ರೌಢಶಾಲೆಯಲ್ಲಿ ಗಣಿತ ಮತ್ತು ಭೌತವಿಜ್ಞಾನ ಬೋಧಿಸುವ ಕೆಲಸ ದೊರೆಯಿತು. ಅಲ್ಲಿ ಒಳ್ಳೆಯ ಪ್ರಯೋಗಾಲಯವಿತ್ತು. ಬೀಗದ ಕಸುಬಿನ ಮನೆಯಲ್ಲಿ ಬೆಳೆದ ಓಮ್ ಉಪಕರಣಗಳನ್ನು ತಾವೇ ಸಿದ್ಧಪಡಿಸಿಕೊಳ್ಳಬಲ್ಲವರಾಗಿದ್ದರು. ತಂತಿಯ ಉದ್ದ ಹೆಚ್ಚಿದಂತೆ ವಿದ್ಯುತ್ ಪ್ರವಾಹ ಎಷ್ಟು ಕಡಿಮೆಯಾಗುತ್ತದೆ ಎಂಬುದು ಅವರ ಪ್ರಶ್ನೆ.

1825ರಲ್ಲಿ ಪ್ರಕಟಿಸಿದ ಮೊದಲ ಲೇಖನದಲ್ಲಿ ಅವರು ಲಾಗರಿದಮ್ ಬಳಸಿದ ಸೂತ್ರವೊಂದನ್ನು ಕೊಟ್ಟರು. ಅದು ಸರಿಯಿರಲಿಲ್ಲ. ಆ ಕಾಲದ ವೋಲ್ಟಾ ಕೋಶದ ಬಲ ಮಂಡಲವನ್ನು ಜೋಡಿಸಿದ ಕೂಡಲೇ ಏರಿಳಿಯುತ್ತಿತ್ತು. ಮೂಲವೇ ಸ್ಥಿರವಾಗಿಲ್ಲದಿದ್ದಾಗ ತಂತಿಯ ಅಳತೆ ಸರಿಬರುವುದಾದರೂ ಹೇಗೆ? ಪತ್ರಿಕೆಯ ಸಂಪಾದಕ ಪೊಗೆನ್‌ಡಾರ್ಫ್ ಅವರ ಸಲಹೆಯಂತೆ ಓಮ್ ಕೋಶವನ್ನು ಬಿಟ್ಟು ಉಷ್ಣಯುಗ್ಮವನ್ನು ಹಿಡಿದರು. ಬಿಸ್ಮತ್ ಮತ್ತು ತಾಮ್ರದ ಎರಡು ಸಂಧಿಗಳಲ್ಲಿ ಒಂದನ್ನು ಕುದಿಯುವ ನೀರಿನಲ್ಲೂ ಇನ್ನೊಂದನ್ನು ಮಂಜುಗಡ್ಡೆಯಲ್ಲೂ ಇರಿಸಿದರು. ಎರಡೂ ತಾಪಗಳು ಬದಲಾಗವು. ಆದ್ದರಿಂದ ಬಲವೂ ಸ್ಥಿರ. 2 ಅಂಗುಲದಿಂದ 130 ಅಂಗುಲದವರೆಗಿನ ಎಂಟು ತಾಮ್ರದ ತಂತಿಗಳನ್ನು ಒಂದೊಂದಾಗಿ ಜೋಡಿಸಿ, ತೂಗುಬಿಟ್ಟ ಕಾಂತಸೂಜಿಯ ವಿಚಲನೆಯಿಂದ ಪ್ರವಾಹವನ್ನು ಅಳೆದರು. ತಂತಿಯ ರೋಧ ಮತ್ತು ಮಂಡಲದ ಉಳಿದ ಭಾಗದ ರೋಧ ಇವೆರಡರ ಮೊತ್ತಕ್ಕೆ ಪ್ರವಾಹ ವಿಲೋಮಾನುಪಾತದಲ್ಲಿದೆ ಎಂಬುದು 1826ರಲ್ಲಿ ಖಚಿತವಾಯಿತು. ಹಳೆಯ ಸೂತ್ರವನ್ನು ಓಮ್ ಕೈಬಿಟ್ಟರು.

ಉಪೇಕ್ಷೆ ಮತ್ತು ಮನ್ನಣೆ

ಅರ್ಧ ಸಂಬಳದ ರಜೆ ಪಡೆದು ಬರ್ಲಿನ್‌ಗೆ ಹೋದ ಓಮ್ 1827ರಲ್ಲಿ ತಮ್ಮ ಸಿದ್ಧಾಂತವನ್ನು ಗ್ರಂಥವಾಗಿ ಹೊರತಂದರು. ಅದರ ಬಲದಿಂದ ವಿಶ್ವವಿದ್ಯಾಲಯದಲ್ಲಿ ಹುದ್ದೆ ಸಿಗಬಹುದೆಂಬ ಆಸೆ ಅವರಿಗಿತ್ತು. ಸಿಕ್ಕಿದ್ದು ತಣ್ಣನೆಯ ಪ್ರತಿಕ್ರಿಯೆ. ನೊಂದ ಅವರು ಕಲೋನ್ ಹುದ್ದೆಗೆ ರಾಜೀನಾಮೆ ಕೊಟ್ಟು, ಬರ್ಲಿನ್ನಿನಲ್ಲಿ ಸಣ್ಣಪುಟ್ಟ ಬೋಧನೆಯಿಂದ ಕೆಲವು ವರ್ಷ ಜೀವನ ಸಾಗಿಸಿದರು. 1833ರಲ್ಲಿ ನ್ಯೂರೆಂಬರ್ಗ್‌ನ ಪಾಲಿಟೆಕ್ನಿಕ್ ಶಾಲೆ ಅವರನ್ನು ಕರೆಯಿತು. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಕೋಪ್ಲಿ ಪದಕ ನೀಡಿತು. ಮ್ಯೂನಿಕ್ ವಿಶ್ವವಿದ್ಯಾಲಯದ ಭೌತವಿಜ್ಞಾನ ಪ್ರಾಧ್ಯಾಪಕ ಹುದ್ದೆ ಕೈಸೇರಿದಾಗ 1852. ಅವರಿಗೆ ಆಗ 63 ವರ್ಷ. 1854ರ ಜುಲೈ 6ರಂದು ನಿಧನರಾದರು. 1881ರಲ್ಲಿ ಪ್ಯಾರಿಸ್ಸಿನ ಅಂತರರಾಷ್ಟ್ರೀಯ ವಿದ್ಯುತ್ ಸಮ್ಮೇಳನ ರೋಧದ ಏಕಮಾನಕ್ಕೆ ಅವರ ಹೆಸರನ್ನು ಅಂಗೀಕರಿಸಿತು.

ನಮ್ಮ ತರಗತಿಗೆ

ವಿಜ್ಞಾನ ಸಂಘದಲ್ಲಿ ಮಕ್ಕಳಿಂದ ರೇಡಿಯೊ ಕಿಟ್ ಜೋಡಿಸುವಾಗ ಈ ಜೀವನಕಥೆ ನೇರವಾಗಿ ಕೆಲಸಕ್ಕೆ ಬರುತ್ತದೆ. ಮಲ್ಟಿಮೀಟರ್ ರೋಧ ಅಳೆಯುವಾಗ ತನ್ನ ಬ್ಯಾಟರಿಯಿಂದಲೇ ಸಣ್ಣ ಪ್ರವಾಹ ಹರಿಸಿ, ಓಮ್‌ನ ನಿಯಮದಂತೆ ಬೆಲೆ ತೋರಿಸುತ್ತದೆ. ಹೀಗಾಗಿ ಓಮ್ ಎದುರಿಸಿದ ಪ್ರಶ್ನೆಯೇ ಮಕ್ಕಳಿಗೂ ಎದುರಾಗುತ್ತದೆ: ಮೂಲ ಮತ್ತು ಉಪಕರಣ ನಂಬಲು ಯೋಗ್ಯವೇ? ಮೊದಲು ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿ, ಸೊನ್ನೆಯ ಹತ್ತಿರ ಬರುವುದೇ ನೋಡಲಿ. ಕಿಟ್‌ನ ಬ್ಯಾಟರಿಯನ್ನು ತೆಗೆದಿಡಲಿ. ಕಡ್ಡಿಗಳ ಲೋಹದ ತುದಿಯನ್ನು ಎರಡೂ ಕೈಗಳಿಂದ ಮುಟ್ಟಿದರೆ ದೇಹವೂ ಸಮಾಂತರ ರೋಧಕವಾಗುತ್ತದೆ ಎಂಬುದನ್ನು ಮಾಡಿ ತೋರಿಸಿ.

ಕಂದು, ಕಪ್ಪು, ಕಿತ್ತಳೆ, ಬಂಗಾರದ ಪಟ್ಟಿಗಳಿರುವ ರೋಧಕದ ಬೆಲೆ 10,000 ಓಮ್, ಶೇ. 5ರ ವ್ಯತ್ಯಾಸಕ್ಕೆ ಅವಕಾಶವಿರುವುದರಿಂದ 9,500ರಿಂದ 10,500ರವರೆಗೆ ಬಂದರೆ ಸರಿ. ಅದೇ ರೋಧಕವನ್ನು ಬೋರ್ಡಿಗೆ ಬೆಸುಗೆ ಹಾಕಿದ ಮೇಲೆ 5,000 ಬಂದರೆ ಕೆಟ್ಟಿದೆ ಎಂದು ಕೀಳಬಾರದು. ಪಕ್ಕದಲ್ಲಿ ಇನ್ನೊಂದು ಸಮಾಂತರ ದಾರಿ ಇರಬಹುದು. ಒಂದು ಕಾಲನ್ನು ಬಿಡಿಸಿ ಅಳೆದರೆ ನಿಜ ತಿಳಿಯುತ್ತದೆ. ಸಮಾಂತರ ದಾರಿ ಬೆಲೆಯನ್ನು ಇಳಿಸುತ್ತದೆಯೇ ಹೊರತು ಏರಿಸುವುದಿಲ್ಲ. ಕೆಪಾಸಿಟರ್‌ಗಳು ಖಾಲಿಯಾದ ಮೇಲೂ ಬೆಲೆ ಮಿತಿಗಿಂತ ಹೆಚ್ಚು ನಿಂತರೆ ರೋಧಕ ಅಥವಾ ಬೆಸುಗೆಯನ್ನು ಶಂಕಿಸಬಹುದು.

ಈ ಪಾಠದಲ್ಲಿ ಪ್ರಶಿಕ್ಷಣಾರ್ಥಿ ಒಂದು ವಿಷಯಕ್ಕೆ ಎಚ್ಚರ ವಹಿಸಬೇಕು. ಮಕ್ಕಳು ಮೀಟರ್ ತೋರಿಸಿದ ಬೆಲೆಯನ್ನು ಅಳಿಸಿ, ಬಣ್ಣದ ಪಟ್ಟಿ ಹೇಳಿದ ಬೆಲೆಯನ್ನು ಬರೆಯುತ್ತಾರೆ. ಉತ್ತರ ಸರಿಯಾದರೆ ಅಂಕ ಸಿಗುತ್ತದೆಂದು ಅವರಿಗೆ ಗೊತ್ತು. ಎರಡನ್ನೂ ಬರೆದು, ವ್ಯತ್ಯಾಸದ ಕಾರಣ ಹುಡುಕಿದ ಮಗುವಿಗೆ ಅಂಕ ಕೊಡಿ. ತನ್ನ ಅಚ್ಚಾದ ಸೂತ್ರವನ್ನೇ ಬಿಟ್ಟು ಮತ್ತೆ ಅಳೆಯಲು ಕುಳಿತ ಶಿಕ್ಷಕರ ಹೆಸರನ್ನು ಆ ಮಗು ಆಗ ಅರಿತು ಬರೆಯುತ್ತದೆ.