ಕರಿಯ ಕಣಗಳ ಬೆನ್ನು ಹತ್ತಿದ ರೊನಾಲ್ಡ್ ರಾಸ್

ನಮ್ಮ ದ್ವಿತೀಯ ಪಿಯು ಜೀವಶಾಸ್ತ್ರ ಪಠ್ಯದಲ್ಲಿ ಮಲೇರಿಯಾ ಕುರಿತು ಓದುವಾಗ ಹೀಮೋಜೋಯಿನ್ ಎಂಬ ಪದ ಬರುತ್ತದೆ. ಚಳಿಜ್ವರ ತರುವ ವಸ್ತು ಎಂದಷ್ಟೇ ನಾವು ಬರೆದುಕೊಳ್ಳುತ್ತೇವೆ. ರಾಸ್ ಅವರ ಜೀವನ ಓದಿದ ಮೇಲೆ ಆ ಪದದ ಬೆಲೆ ನನಗೆ ತಿಳಿಯಿತು.

ರಾಸ್ 1857ರ ಮೇ 13ರಂದು ಅಲ್ಮೋರಾದಲ್ಲಿ ಹುಟ್ಟಿದರು. ಸಾಹಿತ್ಯದಲ್ಲಿ ಒಲವಿದ್ದರೂ ತಂದೆಯ ಇಚ್ಛೆಯಂತೆ ವೈದ್ಯರಾದರು. 1883ರಲ್ಲಿ ಬೆಂಗಳೂರಿನ ದಂಡು ಪ್ರದೇಶದಲ್ಲಿದ್ದಾಗ, ಮನೆಯ ಬಳಿಯ ಪೀಪಾಯಿ ನೀರಿನಲ್ಲಿ ಸೊಳ್ಳೆ ಮರಿಗಳನ್ನು ಕಂಡು ನೀರು ಚೆಲ್ಲಿಸಿದರು. ಸೊಳ್ಳೆ ಕಾಟ ಕಡಿಮೆಯಾಯಿತು. ಆದರೆ ಸೊಳ್ಳೆಗೂ ಮಲೇರಿಯಾಕ್ಕೂ ಇರುವ ನಂಟು ಆಗ ಗೊತ್ತಿರಲಿಲ್ಲ.

1894ರಲ್ಲಿ ಲಂಡನ್ನಿನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಅವರು ರೋಗಿಯ ರಕ್ತದಲ್ಲಿ ಕರಿಯ ಕಣಗಳಿರುವ ಪರಾವಲಂಬಿಯನ್ನು ರಾಸ್‌ಗೆ ತೋರಿಸಿ, ಸೊಳ್ಳೆಯ ಮೇಲೆ ತಮಗಿದ್ದ ಅನುಮಾನವನ್ನೂ ಹೇಳಿದರು. ರಾಸ್ ಭಾರತಕ್ಕೆ ಮರಳಿ ಸೊಳ್ಳೆಗಳನ್ನು ಕೊಯ್ದು ನೋಡತೊಡಗಿದರು. 1897ರಲ್ಲಿ ಊಟಿ ಹತ್ತಿರದ ಸೀಗೂರು ಘಾಟಿಯಲ್ಲಿ ಅವರಿಗೇ ಮಲೇರಿಯಾ ಬಂತು. ಆದರೂ ಕೆಲಸ ಬಿಡಲಿಲ್ಲ.

ಅದೇ ವರ್ಷ ಸಿಕಂದರಾಬಾದಿನಲ್ಲಿ ಹುಸೇನ್ ಖಾನ್ ಎಂಬ ರೋಗಿ ಸೊಳ್ಳೆಗಳಿಂದ ಕಚ್ಚಿಸಿಕೊಳ್ಳಲು ಒಪ್ಪಿದರು. ಸೊಳ್ಳೆಗೊಂದಾಣೆಯಂತೆ ಅವರಿಗೆ ಸಿಕ್ಕಿದ್ದು ಎಂಟಾಣೆ. ಆಗಸ್ಟ್ 20ರಂದು ಚುಕ್ಕೆ ರೆಕ್ಕೆಯ ಸೊಳ್ಳೆಯೊಂದರ ಹೊಟ್ಟೆಯ ಗೋಡೆಯಲ್ಲಿ ರಾಸ್ ದುಂಡನೆಯ ಕೋಶಗಳನ್ನು ಕಂಡರು. ಅವುಗಳೊಳಗೆ ಅದೇ ಕರಿಯ ಕಣಗಳು! ಆ ಕಣಗಳಿಂದಲೇ ಪರಾವಲಂಬಿಯ ಗುರುತು ಸಿಕ್ಕಿತು.

ಈ ಕಣಗಳು ಎಲ್ಲಿಂದ ಬಂದವು? ಪರಾವಲಂಬಿಯು ಕೆಂಪು ರಕ್ತಕಣದೊಳಗೆ ಕುಳಿತು ಹಿಮೋಗ್ಲೋಬಿನ್ ತಿಂದು, ಅದನ್ನು ಅಮೈನೋ ಆಮ್ಲಗಳಾಗಿ ಒಡೆದು ಬೆಳೆಯುತ್ತದೆ. ಅದರಲ್ಲಿ ಇಲ್ಲದ ಐಸೋಲ್ಯೂಸಿನ್ ಅನ್ನು ಹೊರಗಿನ ರಕ್ತದಿಂದ ಎಳೆದುಕೊಳ್ಳುತ್ತದೆ. ಉಳಿಯುವ ಹೀಮ್ ಅದಕ್ಕೇ ವಿಷ. ಆದ್ದರಿಂದ ಅದನ್ನು ಕರಿಯ ಹರಳಾಗಿಸುತ್ತದೆ. ಅದೇ ಹೀಮೋಜೋಯಿನ್. ರಕ್ತಕಣ ಒಡೆದಾಗ ಈ ಹರಳುಗಳನ್ನು ನುಂಗುವ ನಮ್ಮ ರೋಗನಿರೋಧಕ ಕೋಶಗಳು ಮಂಕಾಗುತ್ತವೆ. ತೀವ್ರ ಮಲೇರಿಯಾದಲ್ಲಿ ರಕ್ತದ ಆರ್ಜಿನೈನ್ ಕೂಡ ಇಳಿಯುತ್ತದೆ. ಮ್ಯಾಕ್ರೋಫೇಜ್ ಕೋಶಗಳು ರೋಗಾಣುಗಳ ವಿರುದ್ಧ ಬಳಸುವ ನೈಟ್ರಿಕ್ ಆಕ್ಸೈಡ್ ತಯಾರಾಗುವುದು ಈ ಅಮೈನೋ ಆಮ್ಲದಿಂದಲೇ. ಹೀಗೆ ಒಂದೇ ರಕ್ತದಲ್ಲಿ ಇಬ್ಬರಿಗೂ ಅನ್ನದ ಪೈಪೋಟಿ.

1898ರಲ್ಲಿ ಕಲ್ಕತ್ತಾದಲ್ಲಿ ಮಹಮದ್ ಬಕ್ಷ್ ಎಂಬ ಸಹಾಯಕರೊಂದಿಗೆ ಹಕ್ಕಿಗಳ ಮಲೇರಿಯಾ ಸೊಳ್ಳೆ ಕಡಿತದಿಂದ ಹರಡುವುದನ್ನು ರಾಸ್ ತೋರಿಸಿದರು. 1902ರಲ್ಲಿ ನೊಬೆಲ್ ಬಂತು. 1932ರಲ್ಲಿ ತೀರಿಕೊಂಡರು.

ಬಹುಮಾನ ರಾಸ್ ಅವರದು. ಆದರೆ ತೋಳು ಒಡ್ಡಿದ ಹುಸೇನ್ ಖಾನ್, ದುಡಿದ ಮಹಮದ್ ಬಕ್ಷ್ ಅವರ ಹೆಸರನ್ನೂ ನಾವು ನೆನಪಿಡಬೇಕು. ಕಂಪಲಾಪುರದ ನಮ್ಮ ಮನೆಗಳ ಡ್ರಮ್ಮು, ತೊಟ್ಟಿಗಳನ್ನು ವಾರಕ್ಕೊಮ್ಮೆ ಖಾಲಿ ಮಾಡಿ, ಉಜ್ಜಿ ಒಣಗಿಸೋಣ. ಬೆಂಗಳೂರಿನ ಆ ಪೀಪಾಯಿಯ ಪಾಠ ಇಂದಿಗೂ ಹಳೆಯದಾಗಿಲ್ಲ.