ಬತ್ತುವ ಕೆರೆಯ ಪಾಠಕ್ಕೆ ಒಂದು ಜೀವನಕಥೆ: ಮೆಡೋಸ್ ಟೇಲರ್

ಬೋಧನಾಭ್ಯಾಸದ ಅವಧಿಯಲ್ಲಿ ಶಕ್ತಿನಗರದ ಒಂದು ಪ್ರೌಢಶಾಲೆಯ 9ನೇ ತರಗತಿಗೆ ನಾನು ಆರಿಸಿಕೊಂಡ ಘಟಕ ಒಣನಾಡಿನ ಕೆರೆ. ಅದರ ನೆಲ, ಹವೆ ಮತ್ತು ಜೀವಿಗಳು ಪಾಠದ ಮೂರು ಭಾಗಗಳು. ಈ ಮಕ್ಕಳು ಕೃಷ್ಣಾ ನದಿಯ ದಂಡೆಯಲ್ಲಿ, ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಚಿಮಣಿಗಳನ್ನು ನೋಡುತ್ತ ಬೆಳೆದವರು. ಬೇಸಿಗೆಯಲ್ಲಿ ದೇವದುರ್ಗ, ಮಾನ್ವಿ ಕಡೆಯ ಅಜ್ಜಿ ಮನೆಗೆ ಹೋದಾಗ ಒಣಗಿದ ಕೆರೆಯಂಗಳವನ್ನು ಅವರು ಕಂಡೇ ಇರುತ್ತಾರೆ. ಆದರೆ ಅದು ಏನೂ ಇಲ್ಲದ ಬಯಲು ಎಂಬುದು ಅವರ ಪೂರ್ವಜ್ಞಾನ. ಈ ತಿಳಿವಳಿಕೆಯನ್ನು ಬದಲಿಸಲು ವ್ಯಾಖ್ಯೆಗಳಿಗಿಂತ ಒಬ್ಬ ಮನುಷ್ಯನ ಜೀವನ ಹೆಚ್ಚು ನೆರವಾದೀತೆಂದು ಯೋಚಿಸಿ, ಸುರಪುರದಲ್ಲಿ ಆಡಳಿತ ನಡೆಸಿದ ಫಿಲಿಪ್ ಮೆಡೋಸ್ ಟೇಲರ್‌ನ ಕಥೆಯನ್ನು ಪಾಠಕ್ಕೆ ಜೋಡಿಸಿದೆ. ಸಹಪ್ರಶಿಕ್ಷಣಾರ್ಥಿಗಳಿಗೆ ಉಪಯೋಗವಾಗಲೆಂದು ಅದನ್ನು ಇಲ್ಲಿ ಬರೆದಿದ್ದೇನೆ.

ಟೇಲರ್ ಹುಟ್ಟಿದ್ದು 1808ರ ಸೆಪ್ಟೆಂಬರ್ 25ರಂದು, ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ. 1824ರಲ್ಲಿ, ಅಂದರೆ ನಮ್ಮ 9ನೇ ತರಗತಿಯ ಮಕ್ಕಳ ವಯಸ್ಸಿನಲ್ಲಿ, ಒಬ್ಬ ವ್ಯಾಪಾರಿಯ ಅಂಗಡಿಯಲ್ಲಿ ಕೆಲಸ ಮಾಡಲು ಮುಂಬಯಿಗೆ ಬಂದ. ಅಲ್ಲಿ ಭರವಸೆ ಕೊಟ್ಟಷ್ಟು ವ್ಯವಹಾರವೇ ಇರಲಿಲ್ಲ. ಬಂಧುವೊಬ್ಬರ ನೆರವಿನಿಂದ ಅದೇ ವರ್ಷ ಹೈದರಾಬಾದ್ ನಿಜಾಮನ ಸೈನ್ಯದಲ್ಲಿ ಅಧಿಕಾರಿಯ ಹುದ್ದೆ ಸಿಕ್ಕಿತು. ಮುಂದೆ ಅವನು ಕಲಿತದ್ದರಲ್ಲಿ ಹೆಚ್ಚಿನದೆಲ್ಲ ಸ್ವಂತ ಕಲಿಕೆ. ಇಲ್ಲಿನ ಭಾಷೆಗಳನ್ನು ಕಲಿತ. ಕಾನೂನು, ಭೂಮಾಪನ, ಭೂವಿಜ್ಞಾನ, ಪ್ರಾಚೀನ ವಸ್ತುಗಳ ಅಧ್ಯಯನ, ಚಿತ್ರಕಲೆ ಎಲ್ಲದರಲ್ಲೂ ಕೈಯಾಡಿಸಿದ. 1839ರಲ್ಲಿ ಥಗ್ಗರ ಬಗ್ಗೆ ಬರೆದ ಕಾದಂಬರಿಯಿಂದ ಇಂಗ್ಲೆಂಡಿನಲ್ಲಿ ಹೆಸರಾದ. ಮರುವರ್ಷ ಟಿಪ್ಪು ಸುಲ್ತಾನನ ಬಗ್ಗೆ ಕಾದಂಬರಿ ಪ್ರಕಟಿಸಿದ.

1841ರಲ್ಲಿ ಅವನನ್ನು ಸುರಪುರಕ್ಕೆ ಕಳುಹಿಸಿದರು. ಬೇಡ ನಾಯಕರ ಆ ಸಂಸ್ಥಾನ ಆಗ ಸಾಲದಲ್ಲಿ ಮುಳುಗಿತ್ತು. ದೊರೆ ತೀರಿಕೊಂಡ ಮೇಲೆ ಪಟ್ಟಕ್ಕೆ ಬರಬೇಕಾದ ವೆಂಕಟಪ್ಪ ನಾಯಕ ಇನ್ನೂ ಚಿಕ್ಕ ಹುಡುಗ. ಅವನ ತಾಯಿ ರಾಣಿ ಈಶ್ವರಮ್ಮ, ದರಬಾರಿನ ಪಂಗಡಗಳು, ಬಾಕಿ ಕೇಳುವ ನಿಜಾಮನ ಸರ್ಕಾರ, ಇವೆಲ್ಲದರ ನಡುವೆ ಟೇಲರ್ ಸುಮಾರು ಹನ್ನೆರಡು ವರ್ಷ ಅಲ್ಲಿ ಆಡಳಿತ ನೋಡಿಕೊಂಡ. ಸುರಪುರದ ಗುಡ್ಡದ ಮೇಲೆ ಅವನು ಕಟ್ಟಿಸಿದ ಟೇಲರ್ ಮಂಜಿಲ್ ಈಗಲೂ ಇದೆ. ಜನ ಅವನನ್ನು ಮಹಾದೇವ ಬಾಬಾ ಎಂದು ಕರೆಯುತ್ತಿದ್ದರೆಂಬ ಮಾತು ಆ ಭಾಗದಲ್ಲಿ ಪ್ರಚಲಿತವಾಗಿದೆ.

ಪಾಠದ ಮುಖ್ಯ ಭಾಗ ಇಲ್ಲಿಂದ ಶುರುವಾಗುತ್ತದೆ. ರಾಯಚೂರು, ಸುರಪುರ ಸೀಮೆ ದಖ್ಖನ್ ಪ್ರಸ್ಥಭೂಮಿಯ ಮೇಲೆ, ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಎತ್ತರದಲ್ಲಿದೆ. ವರ್ಷದ ಮಳೆ ಸುಮಾರು 600ರಿಂದ 650 ಮಿ.ಮೀ. ಅದೂ ಬಹುಪಾಲು ಜೂನ್‌ನಿಂದ ಅಕ್ಟೋಬರ್ ನಡುವೆ ಬೀಳುತ್ತದೆ. ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ತೆರೆದ ನೀರಿನಿಂದ ವರ್ಷವಿಡೀ ಆವಿಯಾಗಿ ಹೋಗುವ ಪ್ರಮಾಣ ಬೀಳುವ ಮಳೆಗಿಂತ ಹೆಚ್ಚು. ಹಾಗಾಗಿ ಇಲ್ಲಿ ನೀರು ತಾನಾಗಿ ನಿಲ್ಲುವುದಿಲ್ಲ, ನಿಲ್ಲಿಸಿಕೊಳ್ಳಬೇಕು. ಎರಡು ಕಲ್ಲುಗುಡ್ಡಗಳ ನಡುವಿನ ತಗ್ಗಿಗೆ ಏರಿ ಕಟ್ಟಿ, ತೂಬು ಇಟ್ಟು, ಹೆಚ್ಚಾದ ನೀರಿಗೆ ಕೋಡಿ ಬಿಟ್ಟು ಕೆರೆ ಮಾಡುವುದು ಟೇಲರ್ ಬರುವುದಕ್ಕೆ ಎಷ್ಟೋ ಮುಂಚಿನ ಇಲ್ಲಿನ ವಿದ್ಯೆ. ಸುರಪುರದ ಬಳಿಯ ಬೋನಾಳ ಕೆರೆಯನ್ನು ಪಾಮನಾಯಕ ಕಟ್ಟಿಸಿದನೆಂದು ಹೇಳುತ್ತಾರೆ. ಟೇಲರ್ ಅದನ್ನು ಅಭಿವೃದ್ಧಿಪಡಿಸಿದ. ಕೆರೆ ಮತ್ತು ರಸ್ತೆಗಳಿಗೆ ಖರ್ಚು ಮಾಡಿದರೆ ಕಂದಾಯ ತಾನಾಗಿ ಹೆಚ್ಚುತ್ತದೆ ಎಂಬುದು ಅವನ ಆಡಳಿತದ ಲೆಕ್ಕಾಚಾರವಾಗಿತ್ತು.

ಇದೇ ಹಂತದಲ್ಲಿ ನಾನು ಮಕ್ಕಳಿಗೆ ಇನ್ನೊಂದು ಕೆರೆಯನ್ನು ಭೂಪಟದಲ್ಲಿ ತೋರಿಸಿದೆ. ಲಡಾಖಿನ ತ್ಸೋ ಕರ್ ಸುಮಾರು 4,500 ಮೀಟರ್ ಎತ್ತರದ ಶೀತ ಮರುಭೂಮಿಯಲ್ಲಿದೆ. ಲಡಾಖಿನ ಲೇಹ್ ಪಟ್ಟಣದಲ್ಲಿ ವರ್ಷಕ್ಕೆ ಬೀಳುವ ಮಳೆ, ಹಿಮ ಎರಡೂ ಸೇರಿ 100 ಮಿ.ಮೀ. ಆಸುಪಾಸು. ತ್ಸೋ ಕರ್‌ಗೆ ನೀರು ಹರಿದು ಬರುತ್ತದೆ, ಹೊರಗೆ ಹರಿಯಲು ದಾರಿಯಿಲ್ಲ. ನೀರು ಆವಿಯಾಗುತ್ತದೆ, ಅದು ತಂದ ಲವಣ ಉಳಿಯುತ್ತದೆ. ಕೆರೆ ಕುಗ್ಗಿದ ಕಡೆಯಲ್ಲೆಲ್ಲ ಬಿಳಿ ಉಪ್ಪಿನ ಪದರ. ನಮ್ಮ ಕೆರೆಯೂ ಬತ್ತುತ್ತದೆ, ಆದರೆ ಅಂಗಳ ಉಪ್ಪಾಗುವುದಿಲ್ಲ. ಏಕೆಂದರೆ ತೂಬು, ಕೋಡಿಗಳ ಮೂಲಕ ನೀರಿನ ಜೊತೆ ಲವಣವೂ ಹೊರಟುಹೋಗುತ್ತದೆ. ಇದನ್ನು ತೋರಿಸಲು ಎರಡು ಪ್ಲಾಸ್ಟಿಕ್ ಡಬ್ಬಿ ಸಾಕು. ಎರಡರಲ್ಲೂ ಉಪ್ಪುನೀರು ತುಂಬಿ, ಒಂದಕ್ಕೆ ತಳದಲ್ಲಿ ರಂಧ್ರ ಮಾಡಿ ನೀರು ಹೊರಗೆ ಬಿಡಬೇಕು. ಎರಡನ್ನೂ ಬಿಸಿಲಿಗಿಟ್ಟರೆ ಕೆಲವೇ ದಿನಗಳಲ್ಲಿ ಒಂದರಲ್ಲಿ ದಪ್ಪ ಉಪ್ಪು, ಇನ್ನೊಂದರಲ್ಲಿ ಬರೀ ತೆಳು ಕಲೆ ಕಾಣುತ್ತದೆ. ಕೋಡಿ ಎಂಬ ಪದದ ಅರ್ಥವನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಉಪಕರಣ ನನಗೆ ಸಿಗಲಿಲ್ಲ.

ಎರಡೂ ಕೆರೆಗಳನ್ನು ಕೂಡಿಸುವ ಒಂದು ಜೀವಿ ಇದೆ: ಪಟ್ಟೆತಲೆಯ ಹೆಬ್ಬಾತು. ಬೇಸಿಗೆಯಲ್ಲಿ ಲಡಾಖ್, ಟಿಬೆಟ್‌ಗಳ ಎತ್ತರದ ಸರೋವರಗಳ ದಡದಲ್ಲಿ ಮೊಟ್ಟೆಯಿಟ್ಟು ಮರಿ ಮಾಡುತ್ತದೆ. ಚಳಿಗಾಲಕ್ಕೆ ಹಿಮಾಲಯ ದಾಟಿ ದಕ್ಷಿಣಕ್ಕೆ ಬರುತ್ತದೆ. 7,000 ಮೀಟರ್‌ಗೂ ಎತ್ತರದಲ್ಲಿ ಅದು ಹಾರಿದ್ದು ಉಪಗ್ರಹ ಸಾಧನಗಳಲ್ಲಿ ದಾಖಲಾಗಿದೆ. ಅದರ ರಕ್ತದ ಹಿಮೋಗ್ಲೋಬಿನ್ ವಿರಳ ಗಾಳಿಯಲ್ಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಇಂದು ಪಕ್ಷಿಧಾಮವಾಗಿರುವ ಬೋನಾಳಕ್ಕೆ ಈ ಹೆಬ್ಬಾತು ಬರುತ್ತದೆ. ಬಣ್ಣದ ಕೊಕ್ಕರೆ, ಕೆಂಬರಲು, ನೇರಳೆ ಬಕಗಳೂ ಅಲ್ಲಿ ಇವೆ.

ಇನ್ನು ಮಳೆ ಕೈಕೊಟ್ಟ ವರ್ಷ ಪೂರ್ತಿ ಬತ್ತಿದ ಕೆರೆಯಂಗಳ. ಹೂಳಿನಲ್ಲಿರುವ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರುಕು ಬಿಡುತ್ತದೆ. ಆ ಬಿರುಕಿನ ಕೆಳಗೆ, ತಂಪು ಉಳಿದ ಕೆಸರಿನಲ್ಲಿ, ಬಿಲ ತೋಡುವ ಕಪ್ಪೆ ಮಳೆಗಾಗಿ ಕಾಯುತ್ತ ಮಲಗಿರುತ್ತದೆ. ಬಸವನಹುಳು ಚಿಪ್ಪಿನ ಬಾಯಿ ಮುಚ್ಚಿಕೊಂಡು ಬೇಸಿಗೆ ಕಳೆಯುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ನೀರುಜೀವಿಗಳ ಮೊಟ್ಟೆಗಳು ಮಣ್ಣಿನಲ್ಲೇ ಉಳಿದು, ಮೊದಲ ಮಳೆಗೆ ಒಡೆಯುತ್ತವೆ. ಟಿಟ್ಟಿಭ ಬಯಲಿನಲ್ಲೇ ಕಲ್ಲಿನ ಬಣ್ಣದ ಮೊಟ್ಟೆ ಇಡುತ್ತದೆ. ಕುರಿಗಾಹಿಗಳು ಕುರಿ ಮೇಯಿಸುತ್ತಾರೆ, ರೈತರು ಹೂಳನ್ನು ಟ್ರ್ಯಾಕ್ಟರ್‌ನಲ್ಲಿ ಹೊಲಕ್ಕೆ ಹೊಡೆಯುತ್ತಾರೆ. ಬತ್ತುವುದು ಕೆರೆಯ ಸಾವಲ್ಲ, ಅದರ ವರ್ಷದ ಒಂದು ಭಾಗ. ಏರಿ ಒಡೆದು, ಕಾಲುವೆ ಮುಚ್ಚಿ, ಅಂಗಳ ಒತ್ತುವರಿಯಾದರೆ ಮಾತ್ರ ಕೆರೆ ಸಾಯುತ್ತದೆ.

ಟೇಲರ್‌ನ ಕಥೆಗೆ ಮರಳೋಣ. 1853ರಲ್ಲಿ ವೆಂಕಟಪ್ಪ ನಾಯಕ ಪ್ರಾಪ್ತವಯಸ್ಕನಾಗಿ ರಾಜ್ಯ ವಹಿಸಿಕೊಂಡ. ಅದೇ ವರ್ಷ ನಿಜಾಮ ರಾಯಚೂರು ದೋಆಬ್ ಸೇರಿ ಕೆಲವು ಪ್ರದೇಶಗಳನ್ನು ಬ್ರಿಟಿಷರ ವಶಕ್ಕೆ ಕೊಟ್ಟ. ಟೇಲರ್‌ಗೆ ನಳದುರ್ಗ ಭಾಗದ ಆಡಳಿತ ಬಂತು. ನಾಲ್ಕೇ ವರ್ಷದಲ್ಲಿ 1857ರ ಹೋರಾಟ ಶುರುವಾಯಿತು. ಯುವ ದೊರೆ ಬ್ರಿಟಿಷರ ವಿರುದ್ಧ ನಿಂತ. 1858ರ ಫೆಬ್ರವರಿಯಲ್ಲಿ ಸುರಪುರದಲ್ಲಿ ಕಾದಾಟವಾಯಿತು. ಹೈದರಾಬಾದಿಗೆ ಹೋದ ದೊರೆ ಸೆರೆಸಿಕ್ಕ. ಮರಣದಂಡನೆ ಕೊನೆಗೆ ನಾಲ್ಕು ವರ್ಷದ ಬಂಧನಕ್ಕೆ ಇಳಿಯಿತು. ಸಾಗಿಸುವ ದಾರಿಯಲ್ಲೇ, ಅದೇ ವರ್ಷದ ಮೇ ತಿಂಗಳಲ್ಲಿ, ಪಿಸ್ತೂಲಿನ ಗುಂಡಿಗೆ ಅವನ ಜೀವ ಹೋಯಿತು. ತಾನೇ ಹೊಡೆದುಕೊಂಡನೆಂದು ಸರ್ಕಾರಿ ದಾಖಲೆ ಹೇಳುತ್ತದೆ. ಅದನ್ನು ನಂಬದವರು ನಮ್ಮ ಭಾಗದಲ್ಲಿ ಬಹಳ ಜನ ಇದ್ದಾರೆ. ಆ ಹುಡುಗ ತನ್ನನ್ನು ಅಪ್ಪಾ ಎಂದು ಕರೆಯುತ್ತಿದ್ದನೆಂದು ಟೇಲರ್ ಆತ್ಮಕಥೆಯಲ್ಲಿ ಬರೆದಿದ್ದಾನೆ. ಆದರೆ ಹೋರಾಟದ ನಂತರ ಸುರಪುರದ ಆಡಳಿತ ವಹಿಸಲು ಬ್ರಿಟಿಷರು ಕಳುಹಿಸಿದ್ದು ಅದೇ ಟೇಲರ್‌ನನ್ನು.

ಇಲ್ಲಿಗೆ ಬಂದಾಗ ತರಗತಿಯಲ್ಲಿ ಒಬ್ಬ ಹುಡುಗಿ ಎದ್ದು ನಿಂತು, ಹಾಗಾದರೆ ಅವನು ಒಳ್ಳೆಯವನೋ ಕೆಟ್ಟವನೋ ಸರ್ ಎಂದು ಕೇಳಿದಳು. ನಾನು ಉತ್ತರ ಕೊಡಲಿಲ್ಲ. ಕಪ್ಪುಹಲಗೆಯ ಮೇಲೆ ಎರಡು ಅಂಕಣ ಬರೆದು, ಕೆರೆಯ ಕೆಳಗೆ ಹೊಲವಿದ್ದ ರೈತನ ಮನೆಯವರು ಏನು ಹೇಳಿಯಾರು, ರಾಣಿ ಈಶ್ವರಮ್ಮನ ಕಡೆಯವರು ಏನು ಹೇಳಿಯಾರು ಎಂದು ತುಂಬಿಸಲು ಹೇಳಿದೆ. ಎರಡೂ ಅಂಕಣ ತುಂಬಿದವು. ಕೆರೆ ಸುಧಾರಿಸಿದ್ದೂ ನಿಜ, ಆ ಕೆರೆಯ ಕಂದಾಯ ಯಾರ ಪೆಟ್ಟಿಗೆಗೆ ಹೋಯಿತೆಂಬ ಪ್ರಶ್ನೆಯೂ ನಿಜ ಎಂಬಲ್ಲಿಗೆ ಮಕ್ಕಳೇ ಬಂದು ನಿಂತರು. ನಮ್ಮ ಪ್ರಾಂತ್ಯದ ಮಕ್ಕಳಿಗೆ ವೆಂಕಟಪ್ಪ ನಾಯಕ ಪುಸ್ತಕದ ಹೆಸರಲ್ಲ, ಮನೆಯ ಹೆಸರು. ಹೊರಗಿನವನ ಒಳ್ಳೆಯ ಕೆಲಸವನ್ನು ಹೇಳುವಾಗ ಈ ಊರಿನವರ ನೋವನ್ನು ಬಿಟ್ಟರೆ ಪಾಠ ಅರ್ಧವಾಗುತ್ತದೆ. ಇದು ವಿಜ್ಞಾನ ಶಿಕ್ಷಕರಿಗೂ ಅನ್ವಯಿಸುತ್ತದೆ.

ಟೇಲರ್ 1860ರಲ್ಲಿ ನಿವೃತ್ತನಾಗಿ ಸ್ವದೇಶಕ್ಕೆ ಮರಳಿದ. ಅದೇ ವರ್ಷ ಸುರಪುರ ಸಂಸ್ಥಾನ ನಿಜಾಮನ ರಾಜ್ಯಕ್ಕೆ ಸೇರಿತು. ಮುಂದೆ ಅವನು ಕಾದಂಬರಿಗಳ ಜೊತೆಗೆ 1870ರಲ್ಲಿ ವಿದ್ಯಾರ್ಥಿಗಳಿಗಾಗಿ ಭಾರತದ ಇತಿಹಾಸದ ಒಂದು ಕೈಪಿಡಿ ಬರೆದ. ಕೊನೆಗಾಲದಲ್ಲಿ ದೃಷ್ಟಿ ಹೋಯಿತು. ಆದರೂ 1875ರಲ್ಲಿ ಮತ್ತೊಮ್ಮೆ ಭಾರತಕ್ಕೆ ಬಂದ. ಹಿಂತಿರುಗುವಾಗ, 1876ರ ಮೇ 13ರಂದು, ಫ್ರಾನ್ಸಿನ ಮೆಂಟನ್‌ನಲ್ಲಿ ತೀರಿಕೊಂಡ. ಆತ್ಮಕಥೆ ಮರುವರ್ಷ ಮಗಳ ಸಂಪಾದಕತ್ವದಲ್ಲಿ ಪ್ರಕಟವಾಯಿತು.

ಈ ಘಟಕಕ್ಕೆ ನಾನು ತೆಗೆದುಕೊಂಡದ್ದು ಮೂರು ಅವಧಿ: ಒಂದು ನೆಲ ಮತ್ತು ಹವೆಗೆ, ಒಂದು ಡಬ್ಬಿ ಪ್ರಯೋಗ ಮತ್ತು ಜೀವಿಗಳಿಗೆ, ಒಂದು ಜೀವನಕಥೆ ಮತ್ತು ಚರ್ಚೆಗೆ. ಡಬ್ಬಿಗಳನ್ನು ಮೊದಲ ಅವಧಿಯಲ್ಲೇ ಬಿಸಿಲಿಗೆ ಇಟ್ಟರೆ ಕೊನೆಯ ಅವಧಿಗೆ ಫಲಿತಾಂಶ ಸಿದ್ಧವಿರುತ್ತದೆ. ಮೌಲ್ಯಮಾಪನಕ್ಕೆ ಲಿಖಿತ ಪ್ರಶ್ನೆಗಳ ಬದಲು ಒಂದು ಮನೆಗೆಲಸ ಕೊಟ್ಟೆ. ತಮಗೆ ಗೊತ್ತಿರುವ ಒಂದು ಕೆರೆಯ ಹೆಸರು, ಅದರ ತೂಬು, ಕೋಡಿ ಎಲ್ಲಿವೆ, ಈಗ ಸರಿಯಾಗಿವೆಯೇ, ಬೇಸಿಗೆಯಲ್ಲಿ ಅಂಗಳದಲ್ಲಿ ಯಾವ ಪ್ರಾಣಿ, ಪಕ್ಷಿ ಕಂಡಿವೆ ಎಂದು ಹಿರಿಯರನ್ನು ಕೇಳಿ ಬರೆಯಬೇಕು. ಬೇರೆ ತಾಲ್ಲೂಕುಗಳಲ್ಲಿ ಬೋಧನಾಭ್ಯಾಸಕ್ಕೆ ಹೋಗುವವರು ಇದೇ ನಮೂನೆಯನ್ನು ಬಳಸಿದರೆ, ವರ್ಷದ ಕೊನೆಗೆ ನಮ್ಮ ಜಿಲ್ಲೆಯ ಕೆರೆಗಳ ಒಂದು ಪಟ್ಟಿ ಮಕ್ಕಳ ಕೈಯಿಂದಲೇ ಸಿದ್ಧವಾಗುತ್ತದೆ.