ಚಾರ್ಲ್ಸ್ ನ್ಯೂಟನ್ (ತೋಟಾ ವಿನ್ಯಾಸಕ)

ಚಾರ್ಲ್ಸ್ ನ್ಯೂಟನ್ (8 ಜನವರಿ 1868 – 9 ಮಾರ್ಚ್ 1932) ಅಮೆರಿಕದ ನ್ಯೂಯಾರ್ಕ್ ರಾಜ್ಯದವರು. ವೃತ್ತಿಯಿಂದ ವಕೀಲರಾಗಿದ್ದ ಇವರು ಬೇಟೆಯ ರೈಫಲ್‌ಗಳ ಮತ್ತು ತೋಟಾಗಳ ವಿನ್ಯಾಸಕರಾಗಿ ಹೆಸರಾದರು. ಕಾಲಂಗುಲ ವ್ಯಾಸದ ನಳಿಗೆಗೆಂದು ಇವರು ರೂಪಿಸಿದ .250-3000 ತೋಟಾವನ್ನು ಸ್ಯಾವೇಜ್ ಕಂಪನಿಯು 1915ರಲ್ಲಿ ಮಾರುಕಟ್ಟೆಗೆ ತಂದಿತು. ಗುಂಡಿಗೆ ಸೆಕೆಂಡಿಗೆ 3000 ಅಡಿ ವೇಗವನ್ನು ಕೊಟ್ಟ ಅಮೆರಿಕದ ಮೊದಲ ವಾಣಿಜ್ಯ ತೋಟಾ ಎಂದು ಅದನ್ನು ಪರಿಗಣಿಸಲಾಗಿದೆ. ಇದೇ ಹೆಸರಿನ, ಹತ್ತೊಂಬತ್ತನೆಯ ಶತಮಾನದ ಬ್ರಿಟಿಷ್ ಪುರಾತತ್ತ್ವಜ್ಞರು ಬೇರೆ ವ್ಯಕ್ತಿ.

ಆರಂಭಿಕ ಜೀವನ

ನ್ಯೂಟನ್ ಅವರು ನ್ಯೂಯಾರ್ಕ್ ರಾಜ್ಯದ ಪಶ್ಚಿಮ ಭಾಗದಲ್ಲಿರುವ ಡೆಲವಾನ್ ಎಂಬ ಊರಿನಲ್ಲಿ ಕೃಷಿಕ ಕುಟುಂಬದಲ್ಲಿ ಜನಿಸಿದರು. ಶಾಲೆ ಮುಗಿಯುವವರೆಗೆ ತಂದೆಯ ಹೊಲದಲ್ಲಿ ದುಡಿದರು. ಅನಂತರ ಎರಡು ವರ್ಷ ಉಪಾಧ್ಯಾಯರಾಗಿದ್ದು, ಆಮೇಲೆ ಕಾನೂನನ್ನು ಅಭ್ಯಾಸ ಮಾಡಿ ವಕೀಲರಾದರು. ರಾಜ್ಯದ ನ್ಯಾಷನಲ್ ಗಾರ್ಡ್ ದಳದಲ್ಲಿ ಆರು ವರ್ಷ ಸೇವೆ ಸಲ್ಲಿಸಿದ ಅವಧಿಯಲ್ಲಿ ದೂರದ ಗುರಿಗೆ ಗುಂಡು ಹಾರಿಸುವ ಅಭ್ಯಾಸ ಬೆಳೆಯಿತು. ವಕೀಲಿಯಲ್ಲಿ ಅವರ ಮನಸ್ಸು ಹೆಚ್ಚು ಕಾಲ ನಿಲ್ಲಲಿಲ್ಲ. ಬಂದೂಕು ತಯಾರಿಕೆಯಲ್ಲಿ ಅವರು ಯಾರಲ್ಲೂ ಶಿಷ್ಯವೃತ್ತಿ ಮಾಡಿದವರಲ್ಲ. ಲೆಕ್ಕಾಚಾರ ಮತ್ತು ಪ್ರಯೋಗಗಳಿಂದಲೇ ಈ ವಿದ್ಯೆಯನ್ನು ಕರಗತ ಮಾಡಿಕೊಂಡರು.

ಕಾಲದ ಹಿನ್ನೆಲೆ

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹೊಗೆರಹಿತ ಮದ್ದು ಬಳಕೆಗೆ ಬಂದಿತು. ಅದರೊಡನೆ ಬೇಟೆಗಾರರ ಹಳೆಯ ತಿಳಿವಳಿಕೆಯೂ ಅಲುಗಾಡಿತು. ದೊಡ್ಡ ಪ್ರಾಣಿಗೆ ದಪ್ಪ ಗುಂಡೇ ಬೇಕು ಎಂಬುದು ಅದುವರೆಗಿನ ನಂಬಿಕೆ. ದಪ್ಪ ಗುಂಡು ನಿಧಾನವಾಗಿ ಚಲಿಸುತ್ತದೆ, ಬಹುಬೇಗ ಕೆಳಗೆ ಬಾಗುತ್ತದೆ. ಆದ್ದರಿಂದ ಜಿಂಕೆ ನಿಂತಿರುವುದು ನೂರು ಗಜದಲ್ಲೋ ಇನ್ನೂರು ಗಜದಲ್ಲೋ ಎಂದು ಕಣ್ಣಳತೆ ತಪ್ಪಿದರೆ ಗುರಿಯೂ ತಪ್ಪುತ್ತಿತ್ತು. ಕೆಲವೊಮ್ಮೆ ಪ್ರಾಣಿ ಗಾಯಗೊಂಡು ಓಡಿಹೋಗಿ ಎಲ್ಲೋ ನರಳಿ ಸಾಯುತ್ತಿತ್ತು. ಹಗುರವಾದ ಗುಂಡನ್ನು ಅತಿವೇಗದಲ್ಲಿ ಹಾರಿಸಿದರೆ ಅದರ ಪಥ ಹೆಚ್ಚು ನೇರವಾಗುತ್ತದೆ, ಭುಜಕ್ಕೆ ಬೀಳುವ ಹಿಂದೊದೆತವೂ ಕಡಿಮೆ. ನ್ಯೂಟನ್ ಅವರ ಎಲ್ಲ ವಿನ್ಯಾಸಗಳೂ ಈ ವಿಚಾರದ ಬೆನ್ನುಹಿಡಿದು ಹೊರಟವು.

ಕಾಲಂಗುಲದ ತೋಟಾಗಳು ಆಗಲೇ ಇದ್ದವು. ವಿಂಚೆಸ್ಟರ್ ಕಂಪನಿಯ .25-35 ತೋಟಾ 1895ರಲ್ಲಿ ಬಂದಿತ್ತು. ಅದರ 117 ಗ್ರೇನ್ ತೂಕದ ಗುಂಡು ಸೆಕೆಂಡಿಗೆ ಎರಡು ಸಾವಿರ ಅಡಿಗಿಂತ ಹೆಚ್ಚೇನೂ ಮುಂದೆ ಹೋಗುತ್ತಿರಲಿಲ್ಲ. (ಗ್ರೇನ್ ಎಂಬುದು ಗುಂಡು ಮತ್ತು ಮದ್ದನ್ನು ತೂಗುವ ಅಳತೆ, ಒಂದು ಗ್ರಾಂಗೆ ಹದಿನೈದೂವರೆ ಗ್ರೇನ್. ನಮ್ಮ ಅಕ್ಕಸಾಲಿಗರ ಒಂದು ಗುಲಗಂಜಿ ಹೆಚ್ಚುಕಡಿಮೆ ಎರಡು ಗ್ರೇನ್ ತೂಗುತ್ತದೆ.) ವಿಂಚೆಸ್ಟರ್ ರೈಫಲ್‌ಗಳಲ್ಲಿ ನಳಿಗೆಯ ಕೆಳಗಿನ ಕೊಳವೆಯೊಳಗೆ ತೋಟಾಗಳು ಒಂದರ ಹಿಂದೆ ಒಂದರಂತೆ ಕೂರುತ್ತಿದ್ದವು. ಚೂಪಾದ ಗುಂಡನ್ನು ಹಾಕಿದರೆ ಅದರ ಮೊನೆ ಮುಂದಿನ ತೋಟಾದ ಕಿಡಿಬಿಂದುವಿಗೆ ತಗಲಿ ಸ್ಫೋಟವಾಗುವ ಭಯವಿದ್ದುದರಿಂದ ಗುಂಡಿನ ತುದಿ ಚಪ್ಪಟೆಯಾಗಿರಬೇಕಾಗಿತ್ತು. ಚಪ್ಪಟೆ ತುದಿ ಗಾಳಿಯಲ್ಲಿ ಬೇಗನೆ ವೇಗ ಕಳೆದುಕೊಳ್ಳುತ್ತದೆ. ಆರ್ಥರ್ ಸ್ಯಾವೇಜ್ ಅವರು ವಿನ್ಯಾಸಗೊಳಿಸಿದ ಮಾಡೆಲ್ 99 ರೈಫಲ್‌ನಲ್ಲಿ ಕೊಳವೆಯ ಬದಲು ತಿರುಗುವ ತೋಟಾಮನೆ ಇತ್ತು. ಅಲ್ಲಿ ಚೂಪು ಗುಂಡು ನಿರಪಾಯ. ನ್ಯೂಟನ್ ಮತ್ತು ಸ್ಯಾವೇಜ್ ಕಂಪನಿ ಒಂದಾಗಲು ಈ ಯಾಂತ್ರಿಕ ಅನುಕೂಲ ಮುಖ್ಯ ಕಾರಣವೆನ್ನಬಹುದು.

ಅವರ ಮೊದಲ ಜಂಟಿ ಫಲ 1912ರ .22 ಹೈಪವರ್. .25-35 ತೋಟಾದ ಹಿತ್ತಾಳೆ ಚಿಪ್ಪಿನ ಕುತ್ತಿಗೆಯನ್ನು ಇನ್ನಷ್ಟು ಕಿರಿದುಗೊಳಿಸಿ, 70 ಗ್ರೇನ್ ಗುಂಡಿಗೆ ಸುಮಾರು 2800 ಅಡಿ ವೇಗ ದೊರಕಿಸಲಾಯಿತು. ಚೀನಾದ ಫೂಜಿಯಾನ್ ಪ್ರಾಂತದಲ್ಲಿದ್ದ ಮಿಷನರಿ ಹ್ಯಾರಿ ಕಾಲ್ಡ್‌ವೆಲ್ ಅವರು ಇದರಿಂದ ಹುಲಿಗಳನ್ನು ಹೊಡೆದದ್ದು ದೊಡ್ಡ ಸುದ್ದಿಯಾಯಿತು. ಆದರೆ ನುರಿತ ಒಬ್ಬ ಗುರಿಕಾರನ ಸಾಧನೆಯನ್ನು ತೋಟಾದ ಯೋಗ್ಯತೆಯೆಂದು ಎಣಿಸುವುದು ಸರಿಯಲ್ಲ. ಜಿಂಕೆಯ ಬೇಟೆಗೇ ಈ ಗುಂಡು ಸಣ್ಣದೆಂಬ ಅಭಿಪ್ರಾಯ ಬೇಟೆಗಾರರಲ್ಲಿ ಕ್ರಮೇಣ ಬಲವಾಯಿತು.

.250-3000 ಮತ್ತು ಗುಂಡಿನ ತೂಕದ ವಿವಾದ

ಮುಂದಿನ ವಿನ್ಯಾಸದಲ್ಲಿ ನ್ಯೂಟನ್ ಅವರು ಕಾಲಂಗುಲಕ್ಕೆ ಮರಳಿದರು. ಸೈನ್ಯದ .30-06 ತೋಟಾದ ಚಿಪ್ಪನ್ನು ಮಾಡೆಲ್ 99ರ ಅಳತೆಗೆ ಗಿಡ್ಡಗೊಳಿಸಿ, ಅದರ ಕುತ್ತಿಗೆಯನ್ನು 0.257 ಅಂಗುಲದ ಗುಂಡಿಗೆ ಹೊಂದಿಸಿದರು. 100 ಗ್ರೇನ್ ಗುಂಡು ಸುಮಾರು 2800 ಅಡಿ ವೇಗದಲ್ಲಿ ಹೊರಡಬೇಕೆಂಬುದು ಅವರ ಆಯ್ಕೆಯಾಗಿತ್ತು. ಕಂಪನಿಯವರು ಒಪ್ಪಲಿಲ್ಲ. ಗುಂಡನ್ನು 87 ಗ್ರೇನ್‌ಗೆ ಇಳಿಸಿದರೆ 3000 ಅಡಿಯ ವೇಗ ಸಿಗುತ್ತಿತ್ತು. ಆ ಸಂಖ್ಯೆಯನ್ನು ತೋಟಾದ ಹೆಸರಿಗೇ ಸೇರಿಸಿ ಜಾಹೀರಾತು ಮಾಡಬಹುದಾಗಿತ್ತು. ಹಾಗೆಯೇ ಆಯಿತು.

ಗಣಿತದ ದೃಷ್ಟಿಯಿಂದ ಈ ವಿವಾದ ಸ್ವಾರಸ್ಯಕರವಾದುದು. ನಳಿಗೆಯ ಬಾಯಲ್ಲಿ ಎರಡು ಗುಂಡುಗಳ ಚಲನಶಕ್ತಿಯನ್ನೂ ಲೆಕ್ಕ ಹಾಕಿದರೆ ಎರಡಕ್ಕೂ ಬರುವ ಉತ್ತರ ಸುಮಾರು 1740 ಅಡಿ-ಪೌಂಡ್. ಕಾಗದದ ಮೇಲೆ ಯಾವ ವ್ಯತ್ಯಾಸವೂ ಇಲ್ಲ. ವ್ಯತ್ಯಾಸ ತೋರುವುದು ಪ್ರಾಣಿಯ ಮೈಯಲ್ಲಿ. ಒಂದೇ ವ್ಯಾಸದ ಗುಂಡುಗಳಲ್ಲಿ ಭಾರವಾದುದು ಉದ್ದವಾಗಿರುತ್ತದೆ. ಗಾಳಿಯನ್ನು ಸೀಳಿ ತನ್ನ ವೇಗವನ್ನು ಹೆಚ್ಚು ದೂರ ಉಳಿಸಿಕೊಳ್ಳುತ್ತದೆ, ಮೂಳೆಗೆ ತಾಗಿದರೂ ಒಳಕ್ಕೆ ಇಳಿಯುತ್ತದೆ. ಹಗುರ ಗುಂಡು ಅತಿವೇಗದಿಂದ ಬಡಿದಾಗ ಮೇಲ್ಮೈಯಲ್ಲೇ ಒಡೆದು ಚೂರಾಗುವ ಸಂಭವ ಹೆಚ್ಚು. ಬಿಲವಾಸಿ ಸಣ್ಣ ಪ್ರಾಣಿಗಳಿಗೆ 87 ಗ್ರೇನ್ ಸಾಕು, ಜಿಂಕೆಗೆ 100 ಗ್ರೇನ್ ಉತ್ತಮ. ಬೇಟೆಯ ಮಟ್ಟಿಗೆ ನ್ಯೂಟನ್ ಅವರ ಎಣಿಕೆಯೇ ಸರಿಯಾಗಿತ್ತು, ವ್ಯಾಪಾರದ ಮಟ್ಟಿಗೆ ಕಂಪನಿಯದು.

ಈ ನಿರ್ಧಾರದ ಪರಿಣಾಮ ರೈಫಲ್‌ನ ಉಕ್ಕಿನಲ್ಲೂ ಉಳಿಯಿತು. ಗುಂಡು ತನ್ನ ಅಕ್ಷದಲ್ಲಿ ತಿರುಗುತ್ತ ಸಾಗಲೆಂದು ನಳಿಗೆಯ ಒಳಗೆ ಸುರುಳಿಗೆರೆಗಳನ್ನು ಕೊರೆದಿರುತ್ತಾರೆ. ಉದ್ದವಾದ ಗುಂಡಿಗೆ ಬಿಗಿಯಾದ ಸುರುಳಿ ಬೇಕು. ಸ್ಯಾವೇಜ್ ಕಂಪನಿಯು 87 ಗ್ರೇನ್ ಗುಂಡಿಗೆ ಸಾಕೆಂದು 14 ಅಂಗುಲಕ್ಕೆ ಒಂದು ಸುತ್ತು ಬರುವಂತೆ ನಳಿಗೆಗಳನ್ನು ಮಾಡಿತು. ಮುಂದೆ ಇತರ ತಯಾರಕರು 100 ಗ್ರೇನ್ ಗುಂಡಿನ ತೋಟಾಗಳನ್ನು ಮಾರತೊಡಗಿದಾಗ, ಚೂಪು ಮೊನೆಯ ಆ ಉದ್ದ ಗುಂಡುಗಳು ಹಳೆಯ ನಳಿಗೆಗಳಲ್ಲಿ ಅನೇಕ ವೇಳೆ ಸ್ಥಿರವಾಗಿ ಹಾರುತ್ತಿರಲಿಲ್ಲ. ಹಳೆಯ ಮಾಡೆಲ್ 99 ಕೊಳ್ಳುವವರು ಇಂದಿಗೂ ಮೊದಲು ಈ ಸುತ್ತನ್ನು ಅಳೆದು ನೋಡುವುದುಂಟು.

ಸ್ವಂತ ಉದ್ಯಮ

ಈ ನಡುವೆ ನ್ಯೂಟನ್ ಅವರು ತಮ್ಮದೇ ತೋಟಾಗಳ ಕೆಲಸದಲ್ಲೂ ತೊಡಗಿದ್ದರು. 1913ರ ಸುಮಾರಿಗೆ ರೂಪುಗೊಂಡ .256 ನ್ಯೂಟನ್, ಹಾಗೂ .30 ಮತ್ತು .35 ನ್ಯೂಟನ್ ಇವುಗಳಲ್ಲಿ ಮುಖ್ಯವಾದವು. .256 ಎಂಬ ಹೆಸರನ್ನು ನೋಡಿ ಅದೂ ಕಾಲಂಗುಲದ ತೋಟಾ ಎಂದು ಭಾವಿಸುವವರಿದ್ದಾರೆ. ಹೆಸರಿನ ಸಂಖ್ಯೆ ನಳಿಗೆಯ ಒಳವ್ಯಾಸದ್ದು. ಅದರ ಗುಂಡು 0.264 ಅಂಗುಲದ್ದು, ಅಂದರೆ ಯುರೋಪಿನ 6.5 ಮಿಲಿಮೀಟರ್ ವರ್ಗಕ್ಕೆ ಸೇರಿದುದು. ಅತಿವೇಗದ ಬಿಸಿಗೆ ಗುಂಡಿನ ಒಳಗಿನ ಸೀಸ ಕರಗದಿರಲೆಂದು ಸೀಸಕ್ಕೂ ಲೋಹದ ಹೊದಿಕೆಗೂ ನಡುವೆ ಕಾಗದದ ಪದರವನ್ನಿಟ್ಟ ಗುಂಡನ್ನೂ ಅವರು ರೂಪಿಸಿದ್ದರು.

1914ರಲ್ಲಿ ಬಫೆಲೊ ನಗರದಲ್ಲಿ ನ್ಯೂಟನ್ ಆರ್ಮ್ಸ್ ಕಂಪನಿ ಸ್ಥಾಪನೆಯಾಯಿತು. ಜರ್ಮನಿಯಿಂದ ಮೌಸರ್ ರೈಫಲ್‌ಗಳನ್ನು ತರಿಸಿ ತಮ್ಮ ತೋಟಾಗಳಿಗೆ ಹೊಂದಿಸಿ ಮಾರುವುದು, ಅಷ್ಟರಲ್ಲಿ ಸ್ವಂತ ರೈಫಲ್ ಸಿದ್ಧಪಡಿಸುವುದು ಅವರ ಯೋಜನೆ. ಆ ವರ್ಷದ ಆಗಸ್ಟ್‌ನಲ್ಲಿ ಯುರೋಪಿನಲ್ಲಿ ಮಹಾಯುದ್ಧ ಆರಂಭವಾಗಿ ಸರಬರಾಜು ನಿಂತಿತು. ಪ್ರಸಿದ್ಧ ನಳಿಗೆ ತಯಾರಕ ಹ್ಯಾರಿ ಪೋಪ್ ಅವರ ನೆರವಿನಿಂದ ಸ್ವಂತ ರೈಫಲ್ 1917ರ ಜನವರಿಯಲ್ಲಿ ಮಾರಾಟಕ್ಕೆ ಬಂದಿತು. ಮೂರೇ ತಿಂಗಳಲ್ಲಿ, ಏಪ್ರಿಲ್‌ನಲ್ಲಿ, ಅಮೆರಿಕ ಯುದ್ಧಕ್ಕಿಳಿಯಿತು. ತೋಟಾ ತಯಾರಿಕೆ ಸರಕಾರದ ಹತೋಟಿಗೆ ಹೋಯಿತು. ಬೇರೆಲ್ಲಿಯೂ ಸಿಗದ ತೋಟಾ ಬೇಡುವ ರೈಫಲನ್ನು ಕೊಳ್ಳುವವರು ಯಾರು? ಸುಮಾರು 2400 ರೈಫಲ್‌ಗಳು ತಯಾರಾಗುವಷ್ಟರಲ್ಲಿ, 1918ರಲ್ಲಿ, ಕಂಪನಿ ಸಾಲಗಾರರ ವಶವಾಯಿತು.

1919ರಲ್ಲಿ ಆರಂಭಿಸಿದ ಎರಡನೆಯ ಕಂಪನಿಯೂ ನಿಲ್ಲಲಿಲ್ಲ. ಅನಂತರ ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್‌ಗೆ ಹೋಗಿ, ಮಾರ್ಲಿನ್ ಕಂಪನಿಯ ಮೂಲಕ ಬಫೆಲೊ ನ್ಯೂಟನ್ ಎಂಬ ರೈಫಲನ್ನು ಸುಮಾರು ಸಾವಿರದಷ್ಟು ಮಾಡಿಸಿದರು. ಕೊನೆಯ ಪ್ರಯತ್ನ ಲಿವರ್‌ಬೋಲ್ಟ್ ರೈಫಲ್. ಐನೂರು ಜನ ಮುಂಗಡ ಬೇಡಿಕೆ ಕೊಟ್ಟರೆ ತಯಾರಿಸಲು ಮಾರ್ಲಿನ್ ಸಿದ್ಧವಿತ್ತು. 1929ರ ಷೇರುಪೇಟೆಯ ಕುಸಿತದ ಬಳಿಕ ಅಷ್ಟು ಜನ ಸಿಗಲಿಲ್ಲ. ನ್ಯೂಟನ್ ಅವರು 1932ರಲ್ಲಿ ನ್ಯೂ ಹೇವನ್‌ನಲ್ಲಿ ನಿಧನರಾದರು.

ನಂತರದ ಬೆಳವಣಿಗೆ

ನ್ಯೂಟನ್ ಅವರ ದೊಡ್ಡ ಚಿಪ್ಪುಗಳಿಗೆ ತಕ್ಕಂತೆ ನಿಧಾನವಾಗಿ ಉರಿಯುವ ಮದ್ದು ಅವರ ಕಾಲದಲ್ಲಿ ಇರಲಿಲ್ಲ. ಅಂಥ ಮದ್ದು ಬಂದ ಮೇಲೆ ಅವರ ಎಣಿಕೆಗಳು ಬೇರೆಯವರ ಹೆಸರಿನಲ್ಲಿ ಕೈಗೂಡಿದವು. ಮೌಸರ್ ಚಿಪ್ಪಿನಿಂದ ಹುಟ್ಟಿದ .257 ರಾಬರ್ಟ್ಸ್ 1934ರಲ್ಲಿ ರೆಮಿಂಗ್ಟನ್ ಕಂಪನಿಯಿಂದ ಬಂದಿತು. .30-06 ಚಿಪ್ಪನ್ನು ಗಿಡ್ಡಗೊಳಿಸದೆ ಕಾಲಂಗುಲಕ್ಕೆ ಕಿರಿದುಗೊಳಿಸುವ ಪ್ರಯೋಗವನ್ನು ನ್ಯೂಟನ್ ಅವರೇ ಮೊದಲಿಗೆ ಮಾಡಿದ್ದರು; ಹವ್ಯಾಸಿಗಳ ಕೈಯಲ್ಲಿ ದಶಕಗಳ ಕಾಲ ಉಳಿದ ಆ ಬಗೆಯ ತೋಟಾ 1969ರಲ್ಲಿ .25-06 ರೆಮಿಂಗ್ಟನ್ ಎಂಬ ಹೆಸರಿನಿಂದ ಅಧಿಕೃತವಾಯಿತು. ಕಾಲಂಗುಲವನ್ನು ಮೆಚ್ಚುವ ಅಮೆರಿಕದ ಬೇಟೆಗಾರರ ಆಯ್ಕೆ ಬಹುಮಟ್ಟಿಗೆ ಈ ಮೂರರ ನಡುವೆಯೇ ಇರುತ್ತದೆ. ಬಯಲಿನಲ್ಲಿ ದೂರದ ಗುರಿಗೆ .25-06, ಎರಡರ ನಡುವಿನ ಹದಕ್ಕೆ .257 ರಾಬರ್ಟ್ಸ್, ಕಾಡಂಚಿನ ಜಿಂಕೆಯ ಬೇಟೆಗೆ ಮತ್ತು ಹಿಂದೊದೆತ ಸಹಿಸದ ಹೊಸಬರಿಗೆ .250. ಈ ಕೊನೆಯದರ ಹೆಸರಿನಿಂದ 3000 ಎಂಬ ಸಂಖ್ಯೆ ಕಾಲಕ್ರಮದಲ್ಲಿ ಕಳಚಿಹೋಗಿ .250 ಸ್ಯಾವೇಜ್ ಎಂಬುದಷ್ಟೇ ರೂಢಿಯಲ್ಲಿದೆ. ಅದರ ಚಿಪ್ಪಿನಿಂದ ಹುಟ್ಟಿದ .22-250 ತೋಟಾವನ್ನು ರೆಮಿಂಗ್ಟನ್ 1965ರಲ್ಲಿ ಮಾರುಕಟ್ಟೆಗೆ ತಂದಿತು. ಮಾರಾಟದಲ್ಲಿ ಅದು ತನ್ನ ಮೂಲವನ್ನು ಬಹಳ ಹಿಂದೆ ಹಾಕಿದೆ.